ನಾಲ್ಕು ಮಂದಿ ಛಲೋ ಅಂದ ವಿಪಿಎನ್

ಅಕ್ಕ ಮೂಡಲಗಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಾಳೆ. ಗಿರಾಕಿಗಳೆಲ್ಲ ಫೋನಿನಲ್ಲೇ ಹೇಳುವುದು, ಹಣ ಕಳಿಸುವುದೂ ಅದರಲ್ಲೇ. ಭಾವ ತೀರಿದ ಮೇಲೆ ಅವಳ ಮನೆ ನಡೆಯುತ್ತಿರುವುದು ಆ ಫೋನಿನಿಂದ. ಬಾಜೂ ಮನೆಯವರ ವೈಫೈ ಬಳಸುತ್ತಿದ್ದಳು. ಹಾಗೆ ಬಳಸುವಾಗ ಯಾರೂ ಒಳಗೆ ಇಣುಕದಂತೆ ವಿಪಿಎನ್ ಎಂಬ ಆ್ಯಪ್ ಬೇಕು ಎಂದು ಯಾರೋ ಅವಳಿಗೆ ಹೇಳಿದ್ದರು.

'ತಮ್ಮಾ, ಯಾವುದು ಹಾಕ್ಕೊಳ್ಳಲಿ?' ಎಂದು ನನ್ನನ್ನು ಕೇಳಿದಳು. ನಾನು ಗೋಕಾಕದ ಶಾಲೆಯೊಂದರಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು. ನನ್ನನ್ನು ಕೇಳದೆ ಇನ್ಯಾರನ್ನು ಕೇಳಬೇಕು?

ನಮ್ಮ ಕಡೆ ಮದುವೆಯ ಸೋಯರಿಕೆ ಮಾಡುವಾಗ ನಾಲ್ಕು ಮನೆಯಲ್ಲಿ ವಿಚಾರಿಸುತ್ತೇವೆ. ನಾಲ್ವರೂ ಛಲೋ ಮಂದಿ ಎಂದರೆ ಮುಗಿಯಿತು. ನಾನು ವಿಪಿಎನ್ ಆರಿಸಿದ್ದೂ ಹಾಗೇ. ಕಂಪನಿ ಯಾರದು, ಪುಕ್ಕಟೆ ಕೊಟ್ಟು ಅದು ಬದುಕುವುದು ಹೇಗೆ, ನಮ್ಮ ಮಾಹಿತಿ ಇಟ್ಟುಕೊಂಡು ಏನು ಮಾಡುತ್ತದೆ, ಒಂದನ್ನೂ ಓದಲಿಲ್ಲ. ಹುಕ್ಕೇರಿಯಿಂದ ಬರುವ ಸಹೋದ್ಯೋಗಿಯನ್ನು ಕೇಳಿದೆ. 'ಇದನ್ನ ಹಾಕ್ರಿ ಸರ್, ನಮ್ಮ ಪೈಕಿ ಎಲ್ಲಾರೂ ಇದನ್ನ ಹಾಕ್ಯಾರ' ಎಂದ. ಅವನ ಬಳಗದ ಇನ್ನೂ ಇಬ್ಬರು ಮೂವರು ಕೇಳಿದಾಗ ಹೂಂ ಎಂದರು. ಅಷ್ಟು ಸಾಕಾಯಿತು. ನಾನೇ ಮೂಡಲಗಿಗೆ ಹೋಗಿ ಹಾಕಿಕೊಟ್ಟೆ. ನಂಬರು, ಮೆಸೇಜು ಎಲ್ಲವನ್ನೂ ನೋಡಲು ಆ್ಯಪ್ ಅನುಮತಿ ಕೇಳಿತು. ದೊಡ್ಡ ಶಾಣ್ಯಾನಂತೆ ಎಲ್ಲಕ್ಕೂ 'ಹೌದು' ಒತ್ತಿದೆ.

ಕೆಲವೇ ದಿನಗಳಲ್ಲಿ ಅಕ್ಕನ ನಂಬರಿನಿಂದ ಗಿರಾಕಿಗಳಿಗೆಲ್ಲ ಹೊಲಸು ಚಿತ್ರಗಳ ಲಿಂಕುಗಳು ಹೋದವು. ಮಠದ ದಾಸೋಹಕ್ಕೆ ರೊಟ್ಟಿ ತರಿಸುವ ಗಲ್ಲಿಯ ಹಿರಿಯರಿಗೂ ಹೋದವು. ರೊಟ್ಟಿ ಕೇಳುವವರೇ ಇಲ್ಲವಾದರು.

ಸಿಟ್ಟು ನೆತ್ತಿಗೇರಿ ಶಾಲೆಯಲ್ಲೇ ಸಹೋದ್ಯೋಗಿಯ ಮೇಲೆ ಹರಿಹಾಯ್ದೆ. 'ನನಗ ನಮ್ಮ ಮಾವ ಹೇಳ್ಯಾರ್ರಿ' ಎನ್ನುತ್ತ ಅವನು ಕೌಜಲಗಿಯ ಮಾವನಿಗೆ ಸ್ಪೀಕರ್ ಹಾಕಿಯೇ ಫೋನ್ ಹಚ್ಚಿದ. ಉಳಿದ ಶಿಕ್ಷಕರೂ ಕಿವಿಗೊಟ್ಟರು.

'ಯಾರ ಹೇಳ್ಯಾರ ಅಂದ್ರ? ನಿಮ್ಮ ಸಾಲಿ ಸೈನ್ಸ್ ಮಾಸ್ತರ್ರೀ, ಅಳಿಯಾರ! ನಿಮ್ಮ ಮಗನ ಜವಳದಾಗ ಊಟಕ್ಕ ನನ್ನ ಬಾಜೂಕ ಕುಂತಿದ್ರು. ಫೋನ್ ತೋರಿಸಿ ಕೇಳಿದ್ನಿ. ಛಲೋ ಐತಿ, ಹಾಕ್ಕೋರಿ ಅಂದ್ರು. ಅದಕ್ಕ ಎಲ್ಲಾರಿಗೂ ಹೇಳಿದ್ನಿ.'

ಅಂದು ಬಾಯಿ ತುಂಬ ಮಾದೇಲಿಯ ಸಿಹಿ ಇಟ್ಟುಕೊಂಡು, ಫೋನನ್ನು ನೆಟ್ಟಗೆ ನೋಡದೆ ತಲೆಯಾಡಿಸಿದ್ದು ನೆನಪಾಯಿತು. ಸಹೋದ್ಯೋಗಿ ನನ್ನ ಮುಖ ನೋಡದೆ ಕ್ಲಾಸಿಗೆ ಹೋದ.

ಸಂಜೆ ಬೈಸಿಕೊಳ್ಳಲು ತಯಾರಾಗಿಯೇ ಅಕ್ಕನ ಮನೆಗೆ ಹೋದೆ. ಅವಳು ಗಿರಾಕಿಗಳ ಮನೆ ಮನೆ ತಿರುಗಿ ಕೈಮುಗಿದು ಬಂದಿದ್ದಳು.

'ನಿನ್ನ ಹೆಸರ ಎಲ್ಲೂ ತಗೀಲಿಲ್ಲಪಾ. ಯಾರನ್ನೂ ಕೇಳದ ನಾನ ಹಾಕ್ಕೊಂಡೇನಿ, ನನ್ನ ತಮ್ಮನ ಕೇಳಿದ್ರ ಹಿಂಗ ಆಗ್ತಿರಲಿಲ್ಲ ಅಂತ ಹೇಳೇನಿ. ಹಿರ್‍ಯಾರು ಒಪ್ಪಿದ್ರು. ಅವರಿಗೂ ಛಲೋ ವಿಪಿಎನ್ ಒಂದು ಬೇಕಂತ, ನಿನ್ನ ಕೇಳಾಕ ಬರ್ತಾರ.'

ಹಿರಿಯರು ಬಂದೇ ಬಿಟ್ಟರು. ಕೂತು, ಫೋನ್ ನನ್ನ ಕೈಗಿತ್ತರು. 'ನಂಬಿಗಸ್ತಂದು ಯಾವುದ್ರಿ ಮಾಸ್ತರ?' ಅಕ್ಕ ಚಹಾ ತಂದು, ಹೆಮ್ಮೆಯಿಂದ ನನ್ನನ್ನೇ ನೋಡುತ್ತ ನಿಂತಳು.

ಇನ್ನು ತಡೆಯಲಾಗಲಿಲ್ಲ. 'ಅಕ್ಕಂದೇನೂ ತಪ್ಪಿಲ್ರಿ. ಅದನ್ನ ಹಾಕಿದಾಂವ ನಾನ' ಎಂದೆ.

ಹಿರಿಯರು ನನ್ನನ್ನು ಬಿಟ್ಟು ಅಕ್ಕನನ್ನು ನೋಡಿದರು. ಸುಳ್ಳು ಹೇಳಿ ಸಿಕ್ಕಿಬಿದ್ದವಳಂತೆ ಅವಳು ತಲೆ ತಗ್ಗಿಸಿದಳು.