ಡಸ್ಟ್‌ಬಿನ್ ಇಲ್ಲದ ಹೋಟೆಲಿನಲ್ಲಿ ನನ್ನ ಊಟ

ನಾನು ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು ಎಂದು ಕಾಂದಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಹೆಸರು. ಆ ಹೆಸರು ಮೊನ್ನೆ ಒಂದು ಹಿಡಿ ಪಲ್ಯದ ಮುಂದೆ ಹಾಳಾಯಿತು.

ಮೊಮ್ಮಗಳು ಶ್ರುತಿ ವಿಲೆ ಪಾರ್ಲೆಯ ಒಂದು ಹೋಟೆಲಿನಲ್ಲಿ ಅಡುಗೆಗೆ ಸೇರಿದ್ದಾಳೆ. ಅಲ್ಲಿ ಏನನ್ನೂ ಬಿಸಾಡುವುದಿಲ್ಲವಂತೆ. ಸಿಪ್ಪೆ, ದಂಟು, ಬೀಜ, ಎಲ್ಲ ತಟ್ಟೆಗೇ ಬರುತ್ತದೆ. ಸಯನ್ನಿನ ಹೋಟೆಲಿನಲ್ಲಿ ಮೂವತ್ತು ವರ್ಷ ತರಕಾರಿ ಹೆಚ್ಚಿದವಳು ನಾನು. ದಿನಕ್ಕೆ ಎರಡು ಡಬ್ಬ ಸಿಪ್ಪೆ ಹೊರಗೆ ಹಾಕುತ್ತಿದ್ದೆ. ಅದೆಲ್ಲ ದೊಡ್ಡವರ ಊಟ ಎಂದು ಈಗ ಹೇಳಿದರೆ ನಾನೇನು ಮಾಡಲಿ? ಎಮ್ಮೆಗಳು ತಿಂದವು. ಅವು ಹೊಗಳಲೂ ಇಲ್ಲ, ದೂರಲೂ ಇಲ್ಲ.

ಐದು ತಿಂಗಳು ಈರುಳ್ಳಿ ಹೆಚ್ಚಿದ ಮೇಲೆ ಶ್ರುತಿಗೆ ಸ್ವಂತ ಅಡುಗೆ ಒಂದನ್ನು ಮಾಡುವ ಅವಕಾಶ ಸಿಕ್ಕಿತ್ತು. ಅವಳು ನಾನು ಹೇಳಿಕೊಟ್ಟ ನಮ್ಮ ಮನೆಯ ಬಾಳೆಕಾಯಿ ಸಿಪ್ಪೆಯ ಪಲ್ಯ ಎಂದಳು. "ಹಾಗಾದರೆ ನಿನ್ನ ಅಜ್ಜಿಯೇ ತಿಂದು ಹೇಳಲಿ" ಎಂದಳಂತೆ ಹೋಟೆಲಿನ ಯಜಮಾನಿ, ಒಬ್ಬ ಮರಾಠಿ ಹೆಂಗಸು. ಪಾಸಾದರೆ ಮೆನುವಿಗೆ, ಇಲ್ಲವಾದರೆ ಮತ್ತೆ ಈರುಳ್ಳಿಗೆ.

ಹೋದೆ, ಕುಳಿತೆ, ಬಾಯಿಗಿಟ್ಟೆ. ಒಗರು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಹೇಳಲೆಂದು ಬಾಯಿ ತೆರೆದೆ. ಅಡುಗೆಮನೆಯ ಗಾಜಿನಾಚೆ ಶ್ರುತಿ ನಿಂತು, ಒಣಗಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದಳು. ಬಾಯಿ ಮುಚ್ಚಿದೆ.

ಎಲ್ಲಾದರೂ ಹಾಕಿಬಿಡೋಣ ಎಂದರೆ ಡಸ್ಟ್‌ಬಿನ್ನೇ ಇಲ್ಲ. ಕಸವಿಲ್ಲದವರಿಗೆ ಡಸ್ಟ್‌ಬಿನ್ ಏಕೆ, ನೀವೇ ಹೇಳಿ. ಆದರೆ ನನ್ನ ಚೀಲದಲ್ಲಿ ಒಂದು ಪ್ಲಾಸ್ಟಿಕ್ ಕವರು ಯಾವಾಗಲೂ ಇರುತ್ತದೆ. ಪ್ಲಾಸ್ಟಿಕ್ ಒಳಗೆ ತರಬೇಡಿ ಎಂದು ಬಾಗಿಲಲ್ಲೇ ಹೇಳಿದ್ದರು. ಸೆರಗು ಅಡ್ಡ ಹಿಡಿದು, ಮೇಜಿನ ಕೆಳಗೆ ಕವರು ಬಿಡಿಸಿ ಪಲ್ಯ ತುಂಬಿದೆ. ಅದು ಪರಪರ ಎಂದಾಗಲೆಲ್ಲ ಕೆಮ್ಮಿದೆ. ಕಳ್ಳತನವನ್ನು ಈ ವಯಸ್ಸಿನಲ್ಲಿ ಶುರು ಮಾಡಬಾರದು.

"ಆಜಿ, ಪ್ಲೇಟ್ ಏಕ್‌ದಮ್ ಸಾಫ್" ಎಂದು ಖಾಲಿ ತಟ್ಟೆ ನೋಡಿ ನಗುತ್ತಾ ಬಂದ ಯಜಮಾನಿ, ನಾಳೆಯಿಂದಲೇ ಪಲ್ಯ ಮೆನುವಿನಲ್ಲಿ ಎಂದುಬಿಟ್ಟಳು. ಶ್ರುತಿ ಓಡಿ ಬಂದು ನನ್ನ ಕಾಲಿಗೆ ಬಿದ್ದಳು. ಅವಳ ತಲೆಯ ಪಕ್ಕದಲ್ಲೇ ನನ್ನ ಚೀಲ.

ನಾಳೆ ಇದನ್ನು ದುಡ್ಡು ಕೊಟ್ಟವರು ತಿನ್ನುತ್ತಾರೆ. ಅವರಿಗೆ ಇವಳು ಮೊಮ್ಮಗಳಲ್ಲ. ಕವರು ತೆಗೆದು ಮೇಜಿನ ಮೇಲಿಟ್ಟೆ.

"ಅಜ್ಜಿ, ಯೇ ಕ್ಯಾ ಹೈ?" ಇದೇನೆಂದು ಶ್ರುತಿ ಕೇಳಿದಳು.

"ನಿನ್ನ ಪಲ್ಯ. ಒಗರು ಮಾರಾಯ್ತಿ, ನುಂಗ್ಲಿಕ್ಕೆ ಆಗ್ಲಿಲ್ಲ. ಸಿಪ್ಪೆ ಮಜ್ಜಿಗೆ ನೀರಲ್ಲಿ ನೆನೆ ಹಾಕಿದ್ದಿಯಾ?"

"ಹಾಕಿದೆ. ಆ ನೀರಲ್ಲೇ ಬೇಯಿಸಿದೆ. ಇಲ್ಲಿ ಕುಛ್ ಭೀ ಬಿಸಾಡ್ಲಿಕ್ಕೆ ಇಲ್ಲ ಅಲ್ವಾ."

"ಅದು ಚೆಲ್ಲುವ ನೀರು. ಒಗರೆಲ್ಲ ಅದರಲ್ಲೇ ಇರುವುದು."

"ಚೆಲ್ಲು ಅಂತ ನೀನು ಹೇಳ್ಲೇ ಇಲ್ಲ."

ನಿಜ, ಹೇಳಿರಲಿಲ್ಲ. ಹಾಕುವುದನ್ನು ಹೇಳಿಕೊಡುತ್ತೇವೆ, ಚೆಲ್ಲುವುದು ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಳ್ಳುತ್ತೇವೆ.

ಯಜಮಾನಿ ಕವರನ್ನು ತಕ್ಕಡಿಗಿಟ್ಟಳು. ಅಲ್ಲಿ ದಿನದ ಕಸ ಏನಾದರೂ ಉಳಿದರೆ ತೂಗಿ ಗೋಡೆಯ ಬೋರ್ಡಿನಲ್ಲಿ ಬರೆಯುವ ಪದ್ಧತಿ. ಅವತ್ತಿನ ಕಸವೆಲ್ಲ ನನ್ನೊಬ್ಬಳದೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಬೋರ್ಡಿನ ಮೇಲೆ ಅಂಕ ಬಂದದ್ದು ಅದೇ ಮೊದಲು.

ಕೊನೆಗೆ ಆ ನೀರನ್ನು ಹೊರಗಿನ ಕರಿಬೇವಿನ ಕುಂಡಕ್ಕೆ ಹಾಕುವುದೆಂದೂ, ಶ್ರುತಿ ಇನ್ನೊಂದು ಸಲ ಪಲ್ಯ ಮಾಡುವುದೆಂದೂ ತೀರ್ಮಾನವಾಯಿತು. ಶ್ರುತಿ ಸ್ಟೇಷನ್ನಿಗೆ ಬಿಡಲು ಬಂದಳು. ಲೋಕಲ್ ಬಂದಾಗ, "ಗುರುವಾರ ಬಾ. ಚೀಲ ತರ್ಬೇಡ" ಎಂದಳು.

ಹೋಗುತ್ತೇನೆ. ಹಿಡಿಸದಿದ್ದರೆ ತಟ್ಟೆಯಲ್ಲೇ ಬಿಡುತ್ತೇನೆ, ಎಲ್ಲರ ಕಣ್ಣಿಗೆ ಬೀಳುವ ಹಾಗೆ. ಮಕ್ಕಳ ಅಡುಗೆಗೆ ಕೊಡಬೇಕಾದ ಮರ್ಯಾದೆ ಅದೇ ಎಂದು ತಿಳಿಯುವಷ್ಟರಲ್ಲಿ ನನ್ನ ಒಂದು ಒಳ್ಳೆಯ ಪ್ಲಾಸ್ಟಿಕ್ ಕವರು ಹೋಯಿತು.