ಇಬ್ಬರು ಒಟ್ಟಿಗೆ ಸೇವ್ ಒತ್ತಿದಾಗ

ಅಹಮದಾಬಾದಿನ ಕಚೇರಿಯಲ್ಲಿ ನಾನು ಒಂದು ಜಾವಾ ವೆಬ್ ಅಪ್ಲಿಕೇಶನ್ ವಿನ್ಯಾಸ ಮಾಡಿದ್ದೆ. ಸೂರತ್ತಿನ ಕತಾರ್‌ಗಾಮ್‌ನ ವಜ್ರ ಕಾರ್ಖಾನೆಯೊಂದರಲ್ಲಿ ಯಾವ ಕಲ್ಲಿನ ಪೊಟ್ಟಣ ಯಾರ ಕೈಯಲ್ಲಿದೆ ಎಂದು ತೋರಿಸುವುದು ಅದರ ಕೆಲಸ. ಪರೀಕ್ಷೆಯನ್ನೂ ನಾನೇ ಮಾಡಿದೆ. ಮೊದಲು ಕೆಲಸಗಾರನಾಗಿ ಲಾಗಿನ್ ಆಗುತ್ತಿದ್ದೆ, ಅದು ಮುಗಿದ ಮೇಲೆ ಮ್ಯಾನೇಜರ್ ಆಗಿ. ಜೊತೆಗೆ ಕೂರಲು ಯಾರನ್ನೂ ಕರೆಯಲಿಲ್ಲ. ಕರೆಯುವುದು ನನಗೆ ಸುಲಭವಲ್ಲ. ಟೆಸ್ಟ್‌ಗಳೂ ಎಲ್ಲ ಪಾಸಾಗಿದ್ದವು.

ಕಾರ್ಖಾನೆಯಲ್ಲಿ ಪ್ರಯೋಗ ಶುರುವಾದಾಗ ನಾನೂ ಅಲ್ಲಿಗೆ ಹೋಗಿದ್ದೆ. ಮೂರನೆಯ ದಿನ, ಊಟದ ಬಿಡುವಿಗೆ ಸ್ವಲ್ಪ ಮೊದಲು, ಗೋಡೆಯ ಪರದೆಯಲ್ಲಿ ಒಂದು ಹೆಸರು ಕೆಂಪಾಯಿತು. ಎಲ್ಲರೂ ಕಾಕಾ ಎನ್ನುತ್ತಿದ್ದ, ಪಾಲಿಶ್ ಮಾಡುವ ಹಿರಿಯರೊಬ್ಬರ ಹೆಸರು. ಅವರು ಕಲ್ಲು ಹಿಂದಿರುಗಿಸಿಲ್ಲ ಎನ್ನುತ್ತಿತ್ತು ನನ್ನ ಅಪ್ಲಿಕೇಶನ್.

"ಹೀರೋ ಆಪಿ ದೀಧೋ ಛೇ, ಭಾಯಿ," ವಜ್ರ ಕೊಟ್ಟಾಗಿದೆ ಎಂದರು ಕಾಕಾ.

"ಪೊಟ್ಟಣಗಳೆಲ್ಲ ಮೇಲಿನ ಮಹಡಿಗೆ ಹೋದ್ವು. ಅದು ಇತ್ತೋ ಇಲ್ವೋ ಹೇಗೆ ಹೇಳ್ಲಿ?" ಎಂದ ಕಲ್ಲು ವಾಪಸ್ ಪಡೆಯುವ ಕೌಂಟರಿನ ಗುಮಾಸ್ತ.

"ತಿಂಡಿಗೆ ತಿಂದ ಗಾಂಠಿಯಾ ಜೊತೆ ನುಂಗಿಬಿಟ್ರಾ, ಕಾಕಾ?" ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಕೆಲವರು ನಕ್ಕರು. ಕಾಕಾ ಎದ್ದು ನಿಂತು, ಯಾರೂ ಕೇಳದಿದ್ದರೂ, ಅಂಗಿಯ ಜೇಬನ್ನು ಹೊರಗೆಳೆದು ತೋರಿಸಿದರು.

ಮ್ಯಾನೇಜರ್ ನನ್ನತ್ತ ತಿರುಗಿದರು. "ಬೇನ್, ಕಂಪ್ಯೂಟರ್ ತಪ್ಪು ಹೇಳುತ್ತಾ?"

ಲಾಗ್ ತೆಗೆದು ನೋಡಿದೆ. ಕಾಕಾ ಕಲ್ಲು ಕೊಟ್ಟದ್ದನ್ನು ಗುಮಾಸ್ತ ದಾಖಲಿಸಿದ್ದ. ಆದರೆ ಅದಕ್ಕೂ ಮೊದಲೇ ಮ್ಯಾನೇಜರ್ ಅದೇ ಕಲ್ಲಿನ ದರ್ಜೆ ತಿದ್ದಲು ಪುಟ ತೆರೆದಿಟ್ಟುಕೊಂಡಿದ್ದರು. ನಾಲ್ಕು ಸೆಕೆಂಡು ತಡವಾಗಿ ಅವರು ಸೇವ್ ಒತ್ತಿದಾಗ, ಅವರ ಪುಟದಲ್ಲಿದ್ದ ಹಳೆಯ ಮಾಹಿತಿ ಗುಮಾಸ್ತ ಬರೆದದ್ದನ್ನು ಅಳಿಸಿಹಾಕಿತ್ತು. ಇದನ್ನು ತಡೆಯಲು ಪ್ರತಿ ದಾಖಲೆಗೂ ಒಂದು ಆವೃತ್ತಿ ಸಂಖ್ಯೆ ಇಡಬೇಕು; ಪುಟ ತೆರೆದ ಮೇಲೆ ಅದು ಬದಲಾಗಿದ್ದರೆ ಸೇವ್ ಆಗುವುದಿಲ್ಲ. ಕಾಲೇಜಿನಲ್ಲೇ ಓದಿದ್ದೆ, ಇಟ್ಟಿರಲಿಲ್ಲ. ಒಬ್ಬಳೇ ಪರೀಕ್ಷಿಸುವವಳಿಗೆ ಅದರ ಕೊರತೆ ಕಾಣುವುದೇ ಇಲ್ಲ.

ಮ್ಯಾನೇಜರಿಗೆ ಮೆಲ್ಲಗೆ ಹೇಳಿ ಮುಗಿಸಬಹುದಿತ್ತು. ಆದರೆ ಹೆಸರು ಕೆಂಪಾದದ್ದು ಎಲ್ಲರೆದುರು. ಎದ್ದು ನಿಂತು, "ಭೂಲ್ ಮಾರೀ ಛೇ," ತಪ್ಪು ನನ್ನದು, ಎಂದೆ. ಹಿಂದಿನ ಸಾಲಿಗೆ ಕೇಳಿಸಲಿಲ್ಲವೆನಿಸಿ ಮತ್ತೊಮ್ಮೆ ಹೇಳಿದೆ. ಮೇಲಿನ ಮಹಡಿಯಲ್ಲಿ ಪೊಟ್ಟಣ ಸಿಕ್ಕಿದ್ದು ಆಮೇಲೆ, ಊಟವಾದ ನಂತರ.

ಮರುದಿನ, ತಿದ್ದಿದ್ದನ್ನು ಪರೀಕ್ಷಿಸಲು ಇಬ್ಬರು ಬೇಕಿತ್ತು. ಕಾಕಾರನ್ನೇ ಕೇಳಿದೆ.

"ಈ ಸಲ ಯಾರ ಹೆಸರು ಕೆಂಪಾಗುತ್ತೆ?" ಎಂದರು ಅವರು.

"ಕೆಂಪಾದ್ರೆ ನನ್ನದೇ ಆಗ್ಲಿ."

ಅವರು ಪಕ್ಕದ ಕಂಪ್ಯೂಟರಿನ ಮುಂದೆ ಕೂತು, ನಾನು ತೆರೆದಿದ್ದ ಕಲ್ಲಿನ ಪುಟವನ್ನೇ ತೆರೆದು, "ಏಕ್, ಬೇ, ತ್ರಣ್" ಎಂದು ಎಣಿಸಿದರು. ಇಬ್ಬರೂ ಒತ್ತಿದೆವು. ಅವರದು ಸೇವ್ ಆಯಿತು. ನನ್ನ ಪರದೆಯಲ್ಲಿ, ದಾಖಲೆ ಬದಲಾಗಿದೆ, ಮತ್ತೆ ತೆರೆಯಿರಿ ಎಂಬ ಸೂಚನೆ ಬಂತು.

ಕಾಕಾ ಬಗ್ಗಿ ನನ್ನ ಪರದೆಯನ್ನು ನೋಡಿದರು. "ಇನ್ನೊಂದ್ಸಲ," ಎಂದರು.