ಐತೆಯ ಸರದಿ

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸುಳ್ಯವೂ ಕಡಬವೂ ಇನ್ನೂ ಪುತ್ತೂರು ತಾಲೂಕಿಗೇ ಸೇರಿದ್ದ ಕಾಲ. ಪಂಜದಿಂದ ಕಡಬದ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿಯ ಅನುದಾನಿತ ಪ್ರಾಥಮಿಕ ಶಾಲೆಗೆ ಹೊಸದಾಗಿ ಬಾಲವಾಡಿ ಸೇರಿಸಿದ್ದರು. ಅದರ ಮೊದಲ ಶಿಕ್ಷಕಿ ನಾನು. ಕುಂಬ್ರದ ದರ್ಜಿಯೊಬ್ಬರ ಮಗಳು, ಮಂಗಳೂರಿನಲ್ಲಿ ಶಿಶುಶಿಕ್ಷಣದ ತರಬೇತಿ ಮುಗಿಸಿ ಬಂದವಳು. ಅನುದಾನಿತ ಶಾಲೆ ಎಂದರೆ ಸಂಬಳ ಸರಕಾರದ್ದು, ಕಟ್ಟಡ ಮತ್ತು ಆಡಳಿತ ಖಾಸಗಿಯವರದ್ದು. ಆ ಆಡಳಿತಗಾರರನ್ನು ಮ್ಯಾನೇಜರರು ಎನ್ನುತ್ತಿದ್ದರು. ನಮ್ಮ ಮ್ಯಾನೇಜರರು ಊರಿನ ಅರ್ಧದಷ್ಟು ಗದ್ದೆಗಳ ಒಡೆಯರೂ ಆಗಿದ್ದುದರಿಂದ ಊರಿಗೆಲ್ಲ ಅವರು ಧನಿಗಳು. ಮೂವತ್ತೈದು ವರ್ಷ ಮಾಸ್ತರಿಕೆ ಮಾಡಿ ನಿವೃತ್ತಳಾದ ಮೇಲೂ, ಆ ಬಾಲವಾಡಿಯ ಒಂದು ಪ್ರಸಂಗ ನೆನಪಾದರೆ ನನ್ನ ರಕ್ತದೊತ್ತಡ ಏರುತ್ತದೆ. ಅದನ್ನೇ ಬರೆಯುತ್ತೇನೆ.

ತರಬೇತಿಯಲ್ಲಿ ನನಗೆ ತುಂಬ ಹಿಡಿಸಿದ್ದು ಕ್ಸೈಲೋಫೋನ್ ಎಂಬ ಮರದ ವಾದ್ಯ. ಉದ್ದದಿಂದ ಗಿಡ್ಡಕ್ಕೆ ಸಾಲಾಗಿ ಜೋಡಿಸಿದ ಎಂಟು ಮರದ ಪಟ್ಟಿಗಳು. ಪುಟ್ಟ ಕೋಲಿನಿಂದ ತಟ್ಟಿದರೆ ಒಂದೊಂದರಿಂದ ಒಂದೊಂದು ಸ್ವರ. ಸರಕಾರದಿಂದ ಬರುವವರೆಗೆ ಕಾದಿದ್ದರೆ ಇವತ್ತಿಗೂ ಕಾಯುತ್ತಿರಬೇಕಿತ್ತು. ಆದ್ದರಿಂದ ರಜೆಯಲ್ಲಿ ಊರಿಗೆ ಹೋದಾಗ ಕುಂಬ್ರದ ಆಚಾರಿಯೊಬ್ಬರಿಂದ ನನ್ನದೇ ಖರ್ಚಿನಲ್ಲಿ ಒಂದನ್ನು ಮಾಡಿಸಿದೆ. ಬಾಗಿಲು ಮಾಡಿ ಉಳಿದ ಬೀಟಿ ಮರದ ತುಂಡುಗಳು ಅದಕ್ಕೆ ಸಾಕಾದವು. ಪಟ್ಟಿಯ ತುದಿ ಉಜ್ಜಿದರೆ ಸ್ವರ ಏರುತ್ತದೆ, ಅಡಿಭಾಗದ ನಡುವನ್ನು ಸ್ವಲ್ಪ ಕೆತ್ತಿದರೆ ಇಳಿಯುತ್ತದೆ. ಭಜನಾ ಮಂದಿರದ ಹಾರ್ಮೋನಿಯಂ ಪಕ್ಕದಲ್ಲಿಟ್ಟುಕೊಂಡು ಇಬ್ಬರೂ ಕೂತು ಶ್ರುತಿ ಸರಿಮಾಡಿದೆವು. ಬಿದಿರಿನ ಕೋಲುಗಳ ತುದಿಗೆ ಹಳೆಯ ಸೈಕಲ್ ಟ್ಯೂಬಿನ ರಬ್ಬರು ಸುತ್ತಿದೆವು. ಮಕ್ಕಳು ಅದನ್ನು ನೋಡಿದ ಕೂಡಲೇ 'ಏಣಿ' ಎಂದು ಹೆಸರಿಟ್ಟರು.

ಸಣ್ಣ ಮಕ್ಕಳಿಗೆ ಸರಿಗಮ ಬಾಯಿಪಾಠ ಮಾಡಿಸಬಾರದು. ಮೊದಲು ಕಿವಿ, ಆಮೇಲೆ ಕೈ, ಕೊನೆಗೆ ಬೇಕಾದರೆ ಹೆಸರು. ನಾನು ಉದ್ದದ ಪಟ್ಟಿ ತಟ್ಟಿದರೆ ಮಕ್ಕಳು ಆನೆಯ ಹಾಗೆ ನಡೆಯಬೇಕು, ಗಿಡ್ಡದ್ದು ತಟ್ಟಿದರೆ ಗುಬ್ಬಿಯ ಹಾಗೆ ಕುಪ್ಪಳಿಸಬೇಕು. ಹದಿನೈದು ದಿನ ಇದೇ ಆಟ. ಆಮೇಲೆ 'ಮ' ಮತ್ತು 'ನಿ' ಸ್ವರದ ಪಟ್ಟಿಗಳನ್ನು ತೆಗೆದಿಟ್ಟು ಕೋಲು ಕೈಗೆ ಕೊಡುವುದು. ಉಳಿಯುವುದು ಮೋಹನ ರಾಗದ ಸ್ವರಗಳು. ಮಗು ಎಲ್ಲಿ ತಟ್ಟಿದರೂ ಕಿವಿಗೆ ಹಿತವಾಗಿಯೇ ಕೇಳುತ್ತದೆ, 'ತಪ್ಪು' ಎಂದು ಹೇಳುವ ಪ್ರಸಂಗವೇ ಬರುವುದಿಲ್ಲ. ದಿನಕ್ಕೆ ನಾಲ್ಕು ಮಕ್ಕಳಿಗೆ ಸರದಿ. ಕೋಲುಗಳೆಲ್ಲ ಒಂದೇ ಬುಟ್ಟಿಯಲ್ಲಿ, ಯಾರ ಕೈಗೆ ಯಾವುದು ಸಿಕ್ಕಿತೋ ಅದು.

ಒಂದೇ ಬುಟ್ಟಿ ಎಂಬುದೇ ಮೊದಲ ರಗಳೆಯಾಯಿತು. ಬಾಲವಾಡಿಯಲ್ಲಿ ಐತೆ ಎಂಬ ಐದು ವರ್ಷದ ಹುಡುಗಿಯಿದ್ದಳು. ಅವಳ ತಂದೆಯ ಹೆಸರು ತನಿಯ, ಬುಟ್ಟಿ ಹೆಣೆಯುವವರು. ಊರಿನ ದೊಡ್ಡ ಮನೆಗಳಲ್ಲಿ ಏನೇ ಸಮಾರಂಭವಿದ್ದರೂ ಅಂಗಳದ ಹೊರಗೆ ನಿಂತು ಡೋಲು ಬಡಿಯಲೇಬೇಕಾದವರು. ಅವಳು ಮುಟ್ಟಿದ ಕೋಲನ್ನು ನಮ್ಮ ಮಕ್ಕಳು ಮುಟ್ಟುವುದೇ ಎಂದು ಕೆಲವರು ಬಂದರು. ಒಬ್ಬರಂತೂ ಮನೆಯಿಂದಲೇ ಬೇರೆ ಕೋಲು ಕಟ್ಟಿಸಿ ತಂದಿದ್ದರು. ನಾನು ಅದನ್ನು ಇಸಿದುಕೊಂಡು ಅವರ ಕಣ್ಣೆದುರಿಗೇ ಬುಟ್ಟಿಗೆ ಹಾಕಿ ಬೆರೆಸಿಬಿಟ್ಟೆ. ಅಸ್ಪೃಶ್ಯತೆ ಅಪರಾಧ ಎಂದು ಕಾನೂನು ಬಂದು ವರ್ಷಗಳಾಗಿದ್ದವು. ಆದರೆ ಕಾನೂನು ಪುತ್ತೂರಿನ ಕಚೇರಿಯವರೆಗೆ ಬಂದು, ಅಲ್ಲಿಂದ ಮುಂದಕ್ಕೆ ಬಸ್ಸು ಸಿಗದೆ ನಿಂತುಬಿಟ್ಟಿತ್ತು.

ಧನಿಗಳ ಆಕ್ಷೇಪ ಬೇರೆಯೇ ಇತ್ತು. ಅವರ ಮೊಮ್ಮಗ ಪ್ರಭಾಕರ ಬಾಲವಾಡಿಯಲ್ಲೇ ಇದ್ದ. "ನೋಡಿ ಟೀಚರ್ರೆ, ಬಡಿಯುದಕ್ಕೆ ಬೇರೆ ಜನ ಉಂಟು. ನಮ್ಮ ಹುಡುಗ ಕೋಲು ಹಿಡಿದು ಬಡಿಯುದು ಚಂದ ಅಲ್ಲ. ಅವನಿಗೆ ಎರಡು ಶ್ಲೋಕ ಕಲಿಸಿ" ಎಂದರು. ನಾನು ಹೂಂ ಎಂದೆ, ಶ್ಲೋಕವನ್ನೂ ಕಲಿಸಿದೆ, ಸರದಿಯನ್ನೂ ತಪ್ಪಿಸಲಿಲ್ಲ. ತಪ್ಪಿಸುವುದಾದರೂ ಹೇಗೆ? ಇಡೀ ತರಗತಿಯಲ್ಲಿ ಅತ್ಯಂತ ಚುರುಕಾದ ಕಿವಿ ಇದ್ದದ್ದು ಅವನಿಗೇ. ನಾನು ಒಮ್ಮೆ ನುಡಿಸಿದ್ದನ್ನು ಅವನು ಹಾಗೆಯೇ ಮರಳಿ ನುಡಿಸುತ್ತಿದ್ದ. ಐತೆಗೆ ಅದರಲ್ಲಿ ಅಷ್ಟೇನೂ ಆಸಕ್ತಿ ಇರಲಿಲ್ಲ. ಒಂದೆರಡು ಪಟ್ಟಿ ತಟ್ಟಿ, ಬಗ್ಗಿ ಮರಕ್ಕೆ ಕಿವಿ ಇಟ್ಟು ಸದ್ದು ನಿಲ್ಲುವವರೆಗೆ ಕೇಳಿ, ಎದ್ದು ಹೋಗಿ ಸ್ಲೇಟು ಹಿಡಿಯುತ್ತಿದ್ದಳು. ಅಕ್ಷರವೆಂದರೆ ಅವಳಿಗೆ ಪ್ರಾಣ.

ಆ ವರ್ಷ ಬಾಲವಾಡಿಗೆ ಹೊಸ ಕೋಣೆ ಕಟ್ಟಿಸಿದ್ದರು. ಅದನ್ನು ತೆರೆಯಲು ಪುತ್ತೂರಿನಿಂದ ಅಧಿಕಾರಿಯೊಬ್ಬರು ಬರುವವರಿದ್ದರು. ಧನಿಗಳು ನನ್ನನ್ನು ಕರೆಸಿ ಕಾರ್ಯಕ್ರಮ ವಿವರಿಸಿದರು. ಪ್ರಭಾಕರ ಜಗಲಿಯ ಮೇಲೆ ನಿಂತು ಹಾರ ಹಾಕಬೇಕು, ಉಳಿದ ಮಕ್ಕಳು ಅವನ ಹಿಂದೆ ನಿಂತು ಪ್ರಾರ್ಥನೆ ಹಾಡಬೇಕು. ಅಧಿಕಾರಿಗಳು ಗೇಟಿನಿಂದ ಮೆಟ್ಟಿಲಿನವರೆಗೆ ಬರುವಷ್ಟು ಹೊತ್ತು ಅಂಗಳದ ಮೂಲೆಯಲ್ಲಿ ಏಣಿ ಇಟ್ಟುಕೊಂಡು ಐತೆ ಬಡಿಯಬೇಕು.

"ಅವಳೊಬ್ಬಳೇ ಯಾಕೆ?" ಎಂದು ಕೇಳಿದೆ.

"ಎಂತ ಟೀಚರ್ರೆ, ಇದನ್ನೂ ಹೇಳಿ ಕೊಡಬೇಕಾ? ಅದು ಅವರ ರಕ್ತದಲ್ಲೇ ಉಂಟಲ್ಲ!" ಎಂದು ನಕ್ಕರು. ಅದನ್ನು ಅವರು ದೊಡ್ಡ ಮೆಚ್ಚುಗೆಯೆಂದೇ ಹೇಳಿದ್ದರು. ತಾನು ಆ ಹುಡುಗಿಗೆ ಮರ್ಯಾದೆ ಕೊಡುತ್ತಿದ್ದೇನೆ ಎಂದು ನಿಜವಾಗಿಯೂ ನಂಬಿದ್ದರು.

ಊರಿನಲ್ಲಿ ಸುದ್ದಿ ಹರಡಲು ಎಷ್ಟು ಹೊತ್ತು ಬೇಕು? ಮರುದಿನ ಬೆಳಿಗ್ಗೆ ಐತೆ ಬರಲಿಲ್ಲ. ಮಧ್ಯಾಹ್ನ ಅವಳ ತಾಯಿ ಅಂಗಾರೆ ಬಂದರು. ಶಾಲೆಯ ಮೆಟ್ಟಿಲಿನಿಂದ ನಾಲ್ಕು ಮಾರು ದೂರದಲ್ಲಿ ನಿಂತರು. ನಾನೇ ಇಳಿದು ಹೋದೆ. ಅವರು ಮಾತಾಡಿದ್ದು ತುಳುವಿನಲ್ಲಿ, ಅದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಐತೆ ಇನ್ನು ಬರುದಿಲ್ಲ ಟೀಚರ್. ಬಡಿಯುದನ್ನು ಕಲೀಲಿಕ್ಕೆ ಶಾಲೆ ಎಂತಕ್ಕೆ? ಅದನ್ನು ಮನೆಯಲ್ಲೇ ಕಲೀತಾಳೆ."

ನಾನು ಆಟ, ಸಂಗೀತ, ಎಲ್ಲ ಮಕ್ಕಳಿಗೂ ಒಂದೇ ಎಂದೆಲ್ಲ ಹೇಳತೊಡಗಿದೆ. ಅವರು ಕೇಳಿಸಿಕೊಂಡು, ದನಿ ಏರಿಸದೆ ಹೇಳಿದರು: "ನಮ್ಮ ಮನೆಯಲ್ಲಿ ನಮಗೋಸ್ಕರ ಬಡಿದ್ರೆ ಅದು ಬೇರೆ. ಧನಿ ಕರೆದಲ್ಲಿಗೆ ಹೋಗಿ ಬಡಿಯುದು ಬೇರೆ. ನನ್ನ ಗಂಡ ಜ್ವರ ಇದ್ರೂ ಹೋಗ್ಬೇಕು, ಮಳೆ ಬಂದ್ರೂ ನಿಲ್ಬೇಕು. ಇವಳಾದ್ರೂ ಕರೆದ ಕೂಡ್ಲೇ ಓಡುವವಳು ಆಗುದು ಬೇಡ ಅಂತ ನಿಮ್ಮ ಹತ್ರ ಕಳಿಸಿದ್ದು. ಈಗ ನೀವೇ ಅಂಗಳದ ಮೂಲೆಯಲ್ಲಿ ನಿಲ್ಲಿಸುದಾ?"

ಅಕ್ಷರಕ್ಕಾಗಿ ಜೀವ ಬಿಡುವ ಒಂದು ಮಗುವಿನ ಶಾಲೆ, ನಾನೇ ಪ್ರೀತಿಯಿಂದ ಮಾಡಿಸಿದ ಒಂದು ಮರದ ವಾದ್ಯದಿಂದ ಮುಗಿದುಹೋಗುವುದರಲ್ಲಿತ್ತು. "ಐತೆ ಅಲ್ಲಿ ಬಾರಿಸುವುದಿಲ್ಲ. ಆದರೆ ಶಾಲೆ ಬಿಡಿಸಬೇಡಿ" ಎಂದಷ್ಟೇ ಹೇಳಿದೆ. ಅವರು ತಲೆ ಆಡಿಸದೆ ಹೊರಟುಹೋದರು.

ಸಂಜೆ ನೇರವಾಗಿ ಧನಿಗಳ ಮನೆಗೆ ಹೋದೆ. ಬಾರಿಸುವುದಾದರೆ ಎಲ್ಲ ಮಕ್ಕಳೂ ಸರದಿಯಂತೆ ಜಗಲಿಯ ಮೇಲೆಯೇ ಬಾರಿಸಲಿ, ಇಲ್ಲದಿದ್ದರೆ ಯಾರೂ ಬೇಡ ಎಂದೆ. ಅವರ ಮುಖ ಕೆಂಪಾಯಿತು.

"ಹಾಗಾದ್ರೆ ನನ್ನ ಮೊಮ್ಮಗನೂ ಬಡಿಯಬೇಕಾ?"

"ಎಲ್ಲರಿಗಿಂತ ಚೆನ್ನಾಗಿ ಬಾರಿಸುವುದು ಅವನೇ."

ನಾನು ಹೇಳಿದ್ದು ಬರೀ ಸತ್ಯ. ಅವರಿಗೆ ಅದು ಬೈಗುಳದಂತೆ ಕೇಳಿಸಿತು. ಕೆಲಸ ಉಳಿಸಿಕೊಳ್ಳುವ ಮನಸ್ಸಿದ್ದರೆ ಬಾಯಿ ಮುಚ್ಚಿಕೊಂಡಿರಬೇಕೆಂದು ಹೇಳಿ ಒಳಗೆ ಹೋದರು.

ಸಮಾರಂಭದ ದಿನ ಐತೆ ಬರಲಿಲ್ಲ. ಆದರೂ ಧನಿಗಳ ಆಳುಗಳು ಏಣಿಯನ್ನು ಹೊತ್ತು ತಂದು ಅಂಗಳದ ಮೂಲೆಯಲ್ಲಿಟ್ಟರು. ಆ ಹೆಣ್ಣನ್ನು ಕರಕೊಂಡು ಬರಲಿಕ್ಕೆ ಜನ ಹೋಗಿದ್ದಾರೆ ಎಂದರು. ಹೋದವರು ಬರಿಗೈಯಲ್ಲಿ ಬಂದರು. ಅಂಗಾರೆ ಮಗಳನ್ನು ಕರೆದುಕೊಂಡು ನಸುಕಿನಲ್ಲೇ ತವರಿಗೆ ಹೋಗಿದ್ದರು. ಅಷ್ಟರಲ್ಲಿ ಜೀಪು ಬಂತು. ಅಧಿಕಾರಿಗಳು ಇಳಿದವರೇ ಮೂಲೆಯಲ್ಲಿ ಅನಾಥವಾಗಿದ್ದ ವಾದ್ಯವನ್ನು ನೋಡಿ ಕುತೂಹಲದಿಂದ ಅಲ್ಲಿಗೇ ನಡೆದರು. "ಇದು ಎಂತ? ಯಾರಾದರೂ ಬಾರಿಸಿ ತೋರಿಸ್ತೀರಾ?" ಎಂದು ಮಕ್ಕಳನ್ನು ಕೇಳಿದರು. ಕೇಳಿದ್ದೇ ತಡ, ಪ್ರಭಾಕರ ಹಾರವನ್ನು ಪಕ್ಕದ ಹುಡುಗನ ಕೈಗೆ ತುರುಕಿ ಮೆಟ್ಟಿಲಿಳಿದು ಓಡಿದ. ಮಳೆ ಹನಿಯಲು ಶುರುವಾಗಿ, ಜೋರಾಗಿ, ನಿಲ್ಲುವ ಒಂದು ಆಟವನ್ನು ನಾವು ಅಭ್ಯಾಸ ಮಾಡಿದ್ದೆವು. ಅದನ್ನು ಪೂರ್ತಿ ಬಾರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಯಾರ ಮಗು ಇದು?" ಎಂದರು ಅಧಿಕಾರಿಗಳು.

ಧನಿಗಳು ಶಲ್ಯ ಸರಿಮಾಡಿಕೊಂಡು, "ನನ್ನ ಮೊಮ್ಮಗ ಸಾರ್. ನಮ್ಮ ಮನೆತನದಲ್ಲಿ ಹಿಂದಿನಿಂದಲೂ ಸಂಗೀತ ಉಂಟು" ಎಂದರು.

ನನ್ನ ಮೈ ಉರಿದುಹೋಯಿತು. ಅದೇ ಬೀಟಿ, ಅದೇ ಕೋಲು, ಅದೇ ಅಂಗಳದ ಮೂಲೆ. ಐತೆ ಕೋಲು ಹಿಡಿದರೆ ಅದು ರಕ್ತದಲ್ಲಿ ಬಂದ ಚಾಕರಿ, ಪ್ರಭಾಕರ ಹಿಡಿದರೆ ಮನೆತನದ ಕಲೆ! ಆ ಮನೆಯಲ್ಲಿ ಸಂಗೀತ ಎಂದು ಇದ್ದದ್ದು ಚಾವಿ ಕೆಟ್ಟ ಒಂದು ಗ್ರಾಮಫೋನು ಮಾತ್ರ. ಜೀಪು ಹತ್ತುವ ಮೊದಲು ಅಧಿಕಾರಿಗಳನ್ನು ತಡೆದು, ಒಂದು ಮಗು ಇವತ್ತು ಯಾಕೆ ಬಂದಿಲ್ಲ ಎಂಬುದನ್ನು ಹೇಳಿದೆ. ಅವರು ಗಡಿಯಾರ ನೋಡಿಕೊಂಡರು. "ನೀವು ಹೊಸಬರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾಗೆ ನೋಡಿಕೊಂಡು ಹೋಗಿ" ಎಂದು ಬುದ್ಧಿ ಹೇಳಿ ಹೊರಟರು. ಅವರ ದೃಷ್ಟಿಯಲ್ಲಿ ಹಾವು ಯಾರು ಎಂದು ಕೇಳಬೇಕೆಂದಿದ್ದೆ. ಜೀಪಿನ ಧೂಳು ಮಾತ್ರ ಉಳಿಯಿತು.

ಮರುದಿನವೇ ಹೊಸ ಆಜ್ಞೆ ಬಂತು: ಇನ್ನು ಮುಂದೆ ಏಣಿಯನ್ನು ಕಂಡಕಂಡವರು ಮುಟ್ಟಬಾರದು, ಪ್ರಭಾಕರ ಮತ್ತು ಅವನಂಥ ಮನೆಗಳ ಮಕ್ಕಳಿಗೆ ಮಾತ್ರ ಕಲಿಸಬೇಕು. ನಿನ್ನೆಯವರೆಗೆ ಇವರ ಮೊಮ್ಮಗ ಮುಟ್ಟಬಾರದಾಗಿದ್ದ ವಸ್ತು ಇವತ್ತು ಬೇರೆಯವರು ಮುಟ್ಟಬಾರದ್ದಾಗಿತ್ತು. ವಾದ್ಯ ನನ್ನದು, ಪಟ್ಟಿಗಳನ್ನು ಬಿಚ್ಚಿ ಸೀರೆಯ ತುಂಡಿನಲ್ಲಿ ಕಟ್ಟಿ, ನನ್ನ ಬಾಡಿಗೆ ಕೋಣೆಗೆ ಒಯ್ದು ಟ್ರಂಕಿನಲ್ಲಿಟ್ಟೆ. ಎಲ್ಲರ ಸರದಿ ಬರುವ ದಿನ ತರುತ್ತೇನೆ ಎಂದು ಮಕ್ಕಳಿಗೆ ಹೇಳಿದೆ.

ಪ್ರಭಾಕರ ಹಟ ಹಿಡಿದ. ಏಣಿ ಇಲ್ಲದ ಶಾಲೆಗೆ ಹೋಗುವುದಿಲ್ಲ ಎಂದು ಮನೆಯ ಕಂಬ ಹಿಡಿದು ಕೂತ, ಊಟ ಬಿಟ್ಟ. ಮೂರನೆಯ ದಿನ ಅವನ ಅಜ್ಜಿಯೇ ನನ್ನ ಕೋಣೆಗೆ ಬಂದರು. "ತಂದು ಇಡಿ ಮಾರಾಯ್ತಿ, ಯಾರು ಬೇಕಾದ್ರೂ ಬಾರಿಸ್ಲಿ. ಇವರಿಗೆ ನಾನು ಹೇಳ್ತೇನೆ. ಮಗು ಅನ್ನ ಮುಟ್ಟುದಿಲ್ಲ" ಎಂದರು. ಹೀಗೆ ಆಜ್ಞೆ ಸತ್ತಿತು. ಕಾನೂನಿಗೆ ಬಗ್ಗದವರು, ಅಂಗಾರೆಯವರ ಮಾತು ಕಿವಿಗೂ ಹಾಕಿಕೊಳ್ಳದವರು, ಮೊಮ್ಮಗನ ಅಳುವಿಗೆ ಬಗ್ಗಿದರು. ನಾನು ಗೆದ್ದೆ ಎಂದು ಸಹೋದ್ಯೋಗಿಗಳು ಹೇಳಿದರು. ನನಗೆ ಇವತ್ತಿಗೂ ಅದು ಗೆಲುವು ಅನ್ನಿಸುವುದಿಲ್ಲ. ಐತೆಯ ನ್ಯಾಯಕ್ಕೂ ಪ್ರಭಾಕರನ ಕಣ್ಣೀರೇ ಬೇಕಾಯಿತಲ್ಲ ಎಂಬ ಸಿಟ್ಟು ಹಾಗೆಯೇ ಇದೆ.

ಅಂಗಾರೆ ತವರಿನಿಂದ ಬಂದ ಸುದ್ದಿ ಸಿಕ್ಕಿ ನಾನು ಅವರ ಗುಡಿಸಲಿಗೆ ಹೋದೆ. ನಡೆದದ್ದನ್ನು ಹೇಳಿದೆ. ಅವರು ಬುಟ್ಟಿ ಹೆಣೆಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು, ಮಗಳನ್ನು ಕಳಿಸುತ್ತೇನೆಂದೂ ಹೇಳಲಿಲ್ಲ, ಕಳಿಸುವುದಿಲ್ಲವೆಂದೂ ಹೇಳಲಿಲ್ಲ. ಬಾಗಿಲಲ್ಲಿ ಐತೆ ಇದ್ದಿಲಿನಿಂದ ನೆಲದ ಮೇಲೆ 'ಅ' ಬರೆಯುತ್ತಿದ್ದಳು.

ಸೋಮವಾರ ಬೆಳಿಗ್ಗೆ ತಾಯಿ ಮಗಳು ಇಬ್ಬರೂ ಬಂದರು. ಈ ಸಲ ಅಂಗಾರೆ ಮೆಟ್ಟಿಲು ಹತ್ತಿ ಬಾಗಿಲವರೆಗೆ ಬಂದು ಒಳಗೆ ನೋಡಿದರು. ಏಣಿ ನಡುವೆ ಇತ್ತು, ಮಕ್ಕಳು ಸುತ್ತ ಕೂತಿದ್ದರು.

"ಇವತ್ತು ಯಾರ ಸರದಿ?"

"ಮೊದಲು ಐತೆಯದು."

"ಇವಳು ಬೇಡ ಅಂದ್ರೆ?"

"ಬೇಡ ಅಂದ್ರೆ ಬೇಡ."

"ಧನಿಯೇ ಬಂದು ಹೇಳಿದ್ರೆ?"

"ಯಾರು ಹೇಳಿದ್ರೂ."

ಅವರು ಮಗಳ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ಒಳಗೆ ತಳ್ಳಿದರು. ನಾನು ಕೋಲಿನ ಬುಟ್ಟಿಯನ್ನು ಐತೆಯ ಮುಂದೆ ಹಿಡಿದೆ. ಅವಳು ಬುಟ್ಟಿ ನೋಡಿದಳು, ತಾಯಿಯನ್ನು ನೋಡಿದಳು, ನನ್ನನ್ನು ನೋಡಿ ತಲೆ ಅಲ್ಲಾಡಿಸಿದಳು. ಸ್ಲೇಟು ತೆಗೆದುಕೊಂಡು ಕಿಟಕಿಯ ಪಕ್ಕ ಕೂತಳು.

"ಹಾಗಾದ್ರೆ ನಾನು ಬಾರಿಸ್ಲಾ?" ಎಂದು ಪ್ರಭಾಕರ ಅವಳನ್ನೇ ಕೇಳಿದ. ಅವಳು ಹೂಂ ಎಂದಳು.

ಮಕ್ಕಳಿಗೆ ಸಂಗೀತ ಕಲಿಸುವುದು ಹೇಗೆ ಎಂದು ಆಮೇಲೆ ಎಷ್ಟೋ ತರಬೇತಿಗಳಲ್ಲಿ ನಾನು ಹೇಳಿಕೊಟ್ಟಿದ್ದೇನೆ. ಕೋಲು ಹಿಡಿಸುವುದು ಹೇಗೆ, ಯಾವ ಪಟ್ಟಿ ತೆಗೆದಿಡಬೇಕು, ಎಲ್ಲವನ್ನೂ. ಆದರೆ ಮೊದಲ ಪಾಠವಾಗಿ ಯಾವಾಗಲೂ ಹೇಳುತ್ತಿದ್ದದ್ದು ಆ ಸೋಮವಾರ ಕಲಿತದ್ದನ್ನು: ಬೇಡ ಎನ್ನಲು ಬಿಡದ ಕಡೆ ಮಗುವಿನ ಕೈಗೆ ವಾದ್ಯ ಕೊಡಬೇಡಿ, ಅಲ್ಲಿ ಅದು ಬಿಟ್ಟಿ ಚಾಕರಿಯ ಕೋಲು. ಐತೆಯ ಮನೆಯಲ್ಲಿ ತಲೆಮಾರುಗಳಿಂದ ಧನಿಯ ಮನೆಯವರ ಎದುರು ಯಾರೂ ಬೇಡ ಎಂದಿರಲಿಲ್ಲ. ಐದು ವರ್ಷದ ಹುಡುಗಿ ಅಂದಳು, ಯಾರೂ ಅವಳನ್ನು ಎಬ್ಬಿಸಲಿಲ್ಲ, ಧನಿಯ ಮೊಮ್ಮಗ ಅವಳ ಒಪ್ಪಿಗೆ ಕೇಳಿ ಕೋಲು ಎತ್ತಿಕೊಂಡ. ಅವನು ಬಾರಿಸಿದ, ಅವಳು ಬರೆದಳು.